ನಿಷ್ಠುರದ ಮಾತಿಗೆ ಖರ್ಚು ಕೊಟ್ಟವರು ಯಾರು?

ಹನುಮಂತನಗರದಿಂದ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ಕಳೆದ ಸಂಚಿಕೆಯಲ್ಲಿ ನೀವು ಪಿ. ಲಂಕೇಶರ ಆತ್ಮಕಥೆ 'ಹುಳಿಮಾವಿನ ಮರ'ವನ್ನು ಕಾಲೇಜು ಮಕ್ಕಳು ಓದಲೇಬೇಕು ಎಂದು ಬರೆದಿರಿ. ನಿಮ್ಮ ಮಾತು ನಂಬಿ ಪುಸ್ತಕ ತಂದು ಮಗಳಿಗೆ ಕೊಟ್ಟೆ. ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಮೂರು ದಿನದಲ್ಲಿ ಮುಗಿಸಿದಳು. ಆಮೇಲೆ, 'ಅಮ್ಮಾ, ಊರವರನ್ನೆಲ್ಲ ತಕ್ಕಡಿಗೆ ಹಾಕಿದ ಮನುಷ್ಯ ಮನೇಲಿ ಹೀಗಿದ್ರೆ ನಾನ್ಯಾಕೆ ಅವರಿಗೆ ಗೌರವ ಕೊಡ್ಬೇಕು?' ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವರ ಪತ್ರಿಕೆ ಎಷ್ಟೋ ಜನರ ಮನಸ್ಸು ನೋಯಿಸಿದ್ದು ನನಗೂ ನೆನಪಿದೆ. ಇಂಥ ಪುಸ್ತಕ ಓದಿ ಅಂತ ಹೇಳುವ ಮುಂಚೆ ನೀವು ಯೋಚನೆ ಮಾಡಿದ್ದಿರಾ? ಅಂಥ ಬರಹಗಾರರು ಈಗ ಯಾಕಿಲ್ಲ ಅಂತ ಬೇರೆ ಕೊರಗಿದ್ದೀರಿ."

ಮೇಡಂ,

ನಮಸ್ಕಾರ. ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತಿದ್ದೆ. ಒಂದೂವರೆ ಪುಟ ಬರೆದೆ. ಮಾರನೆಯ ದಿನ ಓದಿ ನೋಡಿದರೆ ಅದರಲ್ಲಿ ಬರೀ ಲಂಕೇಶರ ಪರವಾದ ವಕಾಲತ್ತು ಇತ್ತು. ನಿಮ್ಮ ಮಗಳು ಕೇಳಿದ್ದು ವಕಾಲತ್ತನ್ನಲ್ಲ. ಅದನ್ನು ಹರಿದು ಹಾಕಿ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ಜೊತೆಗೆ ಇನ್ನೊಂದು ಪುಸ್ತಕವನ್ನೂ ಓದಿದೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ನಾನು ಬೆಂಗಳೂರಿಗೆ ಓದಲು ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಚಾಮರಾಜಪೇಟೆಯ ಒಂದು ವಠಾರದಲ್ಲಿ ನಾಲ್ಕು ಜನ ಹುಡುಗರು ಒಂದೇ ರೂಮಿನಲ್ಲಿದ್ದೆವು. ವಾರಕ್ಕೊಮ್ಮೆ ಚಿಲ್ಲರೆ ಒಟ್ಟುಮಾಡಿ 'ಲಂಕೇಶ್ ಪತ್ರಿಕೆ' ತರುತ್ತಿದ್ದೆವು. ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಮಿಕ್ಕವರು ಚಾಪೆಯ ಮೇಲೆ ಬಿದ್ದುಕೊಂಡು ಕೇಳುತ್ತಿದ್ದೆವು. ಅಲ್ಲಿಯವರೆಗೆ ನಾನು ನೋಡಿದ್ದ ಪೇಪರುಗಳಲ್ಲಿ ಮಂತ್ರಿಗಳು 'ಆಗಮಿಸುತ್ತಿದ್ದರು', 'ಕರೆ ನೀಡುತ್ತಿದ್ದರು'. ಇದರಲ್ಲಿ ಮಂತ್ರಿ ಬಂದ, ಸುಳ್ಳು ಹೇಳಿದ, ಹೋದ. ನಮ್ಮೂರ ಅರಳಿಕಟ್ಟೆಯ ಮೇಲೆ ಕೂತವರು ಆಡುವ ಕನ್ನಡ ಅಚ್ಚಾಗಿ ಬಂದದ್ದನ್ನು ನಾನು ಮೊದಲು ಕಂಡದ್ದು ಅಲ್ಲೇ.

ಒಮ್ಮೆ ಅಪ್ಪ ಊರಿಂದ ಬಂದಿದ್ದರು. ದಿಂಬಿನ ಕೆಳಗಿದ್ದ ಪತ್ರಿಕೆ ನೋಡಿ, "ಇದನ್ನೆಲ್ಲ ಓದ್ಕೊಂಡು ಕೂತ್ರೆ ಪಾಸಾಗ್ತೀಯಾ?" ಎಂದು ಗದರಿದರು. ರಾತ್ರಿ ನಮಗೆಲ್ಲ ನಿದ್ದೆ ಬಂದ ಮೇಲೆ ದೀಪದ ಕೆಳಗೆ ಕೂತು ಅವರೇ ಓದುತ್ತಿದ್ದರು. ರೈತರ ಬಗ್ಗೆ ಬರೆದಿದ್ದ ಪುಟ. ಬೆಳಿಗ್ಗೆ ಹೊರಡುವಾಗ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಪತ್ರಿಕೆ ಶುರುವಾದದ್ದು 1980ರ ಜುಲೈನಲ್ಲಿ. ಅದೇ ತಿಂಗಳ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆರ್. ಗುಂಡೂರಾವ್ ಮುಖ್ಯಮಂತ್ರಿ. ಅದರ ಬೆನ್ನಿಗೇ ಗೋಕಾಕ್ ಚಳವಳಿ ಬಂತು. ಕರ್ನಾಟಕ ಕುದಿಯುತ್ತಿದ್ದ ಹೊತ್ತಿಗೆ ಸರಿಯಾಗಿ ಒಂದು ಪತ್ರಿಕೆ ಹುಟ್ಟಿತ್ತು. 1983ರಲ್ಲಿ ಗುಂಡೂರಾವ್ ಸೋತು ರಾಮಕೃಷ್ಣ ಹೆಗಡೆ ಬಂದಾಗ ನಾವು ಹುಡುಗರು, ಇನ್ನು ಲಂಕೇಶರು ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆವು. ಅವರು ಹೆಗಡೆಯವರನ್ನೂ ಬಿಡಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆಗ. ತನಗೆ ಆಗದವರನ್ನು ಬೈಯುವುದು ಯಾರಿಗೂ ಬರುತ್ತದೆ. ತಾನು ಬಯಸಿದ ಬದಲಾವಣೆಯೇ ಬಂದು ಕುರ್ಚಿಯಲ್ಲಿ ಕೂತಾಗ ಅದನ್ನೂ ಪ್ರಶ್ನೆ ಮಾಡುವುದು ಕಷ್ಟ.

ಪತ್ರಿಕೆ ಶುರು ಮಾಡಿದಾಗ ಅವರಿಗೆ 45 ವರ್ಷ. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿದ ರೈತ ಮನೆತನದ ಹುಡುಗ ಅಷ್ಟರೊಳಗೆ ಏನೇನು ಮಾಡಿ ಮುಗಿಸಿದ್ದರು ನೋಡಿ. ಇಂಗ್ಲಿಷ್ ಪಾಠ ಹೇಳಿದ್ದರು, ಅದಕ್ಕೇ ಕೊನೆಯವರೆಗೂ ಜನರ ಬಾಯಲ್ಲಿ ಅವರು 'ಮೇಷ್ಟ್ರು'. ಕತೆ, ಕವಿತೆ, ಕಾದಂಬರಿ ಬರೆದಿದ್ದರು. ಫ್ರೆಂಚ್ ಕವಿ ಬೋದಿಲೇರನನ್ನು, ಗ್ರೀಕ್ ನಾಟಕಕಾರ ಸೊಫೋಕ್ಲಿಸನನ್ನು ಕನ್ನಡಕ್ಕೆ ತಂದಿದ್ದರು. ಬಸವಣ್ಣ, ಬಿಜ್ಜಳರ ಮೇಲೆ 'ಸಂಕ್ರಾಂತಿ' ನಾಟಕ ಬರೆದಿದ್ದರು. 'ಸಂಸ್ಕಾರ' ಸಿನಿಮಾದಲ್ಲಿ ನಾರಣಪ್ಪನ ಪಾತ್ರ ಮಾಡಿದ್ದರು. 1976ರ 'ಪಲ್ಲವಿ'ಗೆ ಶ್ರೇಷ್ಠ ನಿರ್ದೇಶಕ ಎಂದು ರಾಷ್ಟ್ರಪ್ರಶಸ್ತಿ ಪಡೆದಿದ್ದರು. ಮೇಷ್ಟ್ರ ಕೆಲಸದಲ್ಲೇ ಇದ್ದಿದ್ದರೆ ತಿಂಗಳಿಗೆ ಸರಿಯಾಗಿ ಸಂಬಳ, ಕೊನೆಗೆ ಪೆನ್ಷನ್. ಅದನ್ನು ಬಿಟ್ಟು ಬಂದು ಪತ್ರಿಕೆ ಮಾಡಿದರು. ಅದೂ ಜಾಹೀರಾತು ಇಲ್ಲದ ಪತ್ರಿಕೆ.

ಈ ಜಾಹೀರಾತಿನ ವಿಷಯ ನಿಮ್ಮ ಮಗಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು ಅನಿಸುತ್ತದೆ. ಅವಳ ವಯಸ್ಸಿನವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಒಂದು ವಾರಪತ್ರಿಕೆಯ ಒಂದು ಪ್ರತಿ ಮಾರಾಟವಾದರೆ ಅದರ ಬೆಲೆಯಲ್ಲಿ ಏಜೆಂಟರ ಕಮಿಷನ್ ಹೋಗುತ್ತದೆ. ಬಂಡಲ್‌ಗಳನ್ನು ಊರೂರಿಗೆ ಕಳಿಸುವ ಖರ್ಚು ಹೋಗುತ್ತದೆ. ಕಾಗದ, ಅಚ್ಚು, ಬೈಂಡಿಂಗ್ ಹೋಗುತ್ತದೆ. ಮಾರಾಟವಾಗದ ಪ್ರತಿಗಳು ವಾಪಸ್ ಬಂದು ರದ್ದಿಗೆ ಹೋಗುತ್ತವೆ. ಕೆಲವು ಏಜೆಂಟರು ದುಡ್ಡನ್ನು ತಿಂಗಳುಗಟ್ಟಲೆ ಕಳಿಸುವುದಿಲ್ಲ. ಉಳಿದದ್ದರಲ್ಲಿ ವರದಿಗಾರರ ಸಂಬಳ, ಆಫೀಸಿನ ಬಾಡಿಗೆ, ಕೋರ್ಟಿನ ಖರ್ಚು. ಜಾಹೀರಾತು ಇದ್ದರೆ ಇದೆಲ್ಲ ಸರಾಗ. ಇಲ್ಲದಿದ್ದರೆ ಓದುಗರು ಕೊಡುವ ಬೆಲೆಯೊಂದೇ ಗತಿ. ಓದುಗ ಒಂದು ವಾರ ಕೈಬಿಟ್ಟರೆ ಮುಂದಿನ ವಾರದ ಕಾಗದಕ್ಕೆ ದುಡ್ಡಿಲ್ಲ.

ಇದು ಯಾಕೆ ಮುಖ್ಯ ಅಂತ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ನಾನು ಮೊದಲು ದುಡಿದ ಪತ್ರಿಕೆಗೆ ಒಂದು ಕೆರೆ ಒತ್ತುವರಿಯ ವರದಿ ಮಾಡಿಕೊಟ್ಟೆ. ಸರ್ವೆ ನಂಬರ್ ಹಿಡಿದುಕೊಂಡು ಹದಿನೈದು ದಿನ ಓಡಾಡಿದ್ದೆ. ವರದಿ ಕಂಪೋಸ್ ಆಯಿತು, ಪುಟವೂ ಕಟ್ಟಿಯಾಯಿತು. ಸಂಜೆ ಹೊತ್ತಿಗೆ ಆ ಪುಟದಲ್ಲಿ ಬೇರೆ ಬರಹ ಕೂತಿತ್ತು. ಹಿಂದಿನ ರಕ್ಷಾಪುಟದಲ್ಲಿ ಒಂದು ಬಡಾವಣೆಯ ಜಾಹೀರಾತು ಇತ್ತು. ಆ ಬಡಾವಣೆ ಎದ್ದಿದ್ದು ಅದೇ ಕೆರೆಯ ಅಂಗಳದಲ್ಲಿ. ಯಾರೂ ನನ್ನನ್ನು ಬೈಯಲಿಲ್ಲ. "ಜಾಗ ಸಾಲಲಿಲ್ಲ, ಮುಂದಿನ ವಾರ ನೋಡೋಣ" ಅಂದರು. ಆ ಮುಂದಿನ ವಾರ ಬರಲೇ ಇಲ್ಲ. ನಾನು ರಾಜೀನಾಮೆ ಕೊಡಲಿಲ್ಲ. ಹತ್ತನೇ ತಾರೀಕು ಮನೆ ಬಾಡಿಗೆ ಕಟ್ಟಬೇಕಿತ್ತು. ಅವತ್ತು ರಾತ್ರಿ ನಿದ್ದೆ ಬರದೆ ಲಂಕೇಶರ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೂ ಜಾಹೀರಾತಿಲ್ಲ. ಆ ಪತ್ರಿಕೆಗೆ ಧೈರ್ಯ ಎಲ್ಲಿಂದ ಬಂತು ಅನ್ನುವುದು ಆ ಖಾಲಿ ಜಾಗದಲ್ಲಿ ನನಗೆ ಕಾಣಿಸಿತು.

ಈಗ ನೀವು ಎತ್ತಿದ ನೋವಿನ ವಿಷಯ. ನೀವು ಹೇಳಿದ್ದು ಸರಿ. ಆ ಪತ್ರಿಕೆಯ ಕೆಲವು ಬರಹಗಳನ್ನು ಇವತ್ತು ಓದಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಒಬ್ಬ ರಾಜಕಾರಣಿಯ ಲಂಚ ಬಯಲು ಮಾಡುವುದು ಬೇರೆ, ಅವನ ಮೈಕಟ್ಟನ್ನು ಆಡಿಕೊಳ್ಳುವುದು ಬೇರೆ. ಎರಡೂ ಒಂದೇ ಪುಟದಲ್ಲಿ ಬಂದದ್ದುಂಟು. ಸಾಹಿತಿ ಗೆಳೆಯರ ಬಗ್ಗೆ ಬರೆದಾಗಲೂ ಹಾಗೆ. ಯು.ಆರ್. ಅನಂತಮೂರ್ತಿಯವರ ಜೊತೆಗಿನ ಸ್ನೇಹ, ಜಗಳ ಎರಡೂ ಕನ್ನಡ ಓದುವವರಿಗೆಲ್ಲ ಗೊತ್ತು. ಅದರಲ್ಲಿ ವಿಚಾರದ ಜಗಳ ಎಷ್ಟು, ಮುನಿಸು ಎಷ್ಟು ಅಂತ ಬೇರ್ಪಡಿಸಲು ನನಗೆ ಇವತ್ತಿಗೂ ಆಗಿಲ್ಲ. ಆ ಕಾಲವನ್ನು ಇನ್ನೊಂದು ಮೂಲೆಯಿಂದ ನೋಡಬೇಕಾದರೆ ಅನಂತಮೂರ್ತಿಯವರ 'ಸುರಗಿ' ಇದೆ, ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ' ಇದೆ. ಬೆಂಗಳೂರಿನ ಆ ಕಾಲವನ್ನು ಶ್ರೀರಾಮಪುರದ ದಲಿತ ಕೇರಿಯ ಕಡೆಯಿಂದ ನೋಡಬೇಕು ಅಂದರೆ ಸಿದ್ಧಲಿಂಗಯ್ಯನವರ 'ಊರುಕೇರಿ' ಇದೆ. ನನಗಂತೂ 'ಹುಳಿಮಾವಿನ ಮರ'ವೂ ಸೇರಿ ಈ ನಾಲ್ಕರಲ್ಲಿ 'ಊರುಕೇರಿ'ಯೇ ಮನಸ್ಸಿಗೆ ಹೆಚ್ಚು ಹತ್ತಿರ. ಅಷ್ಟೊಂದು ಹಸಿವು, ಅವಮಾನ ಉಂಡವರು ಯಾರ ಮೇಲೂ ಹಗೆ ಇಟ್ಟುಕೊಳ್ಳದೆ ಬರೆದಿದ್ದಾರಲ್ಲ, ಅದಕ್ಕೆ.

ಲಂಕೇಶರ ನಂತರ ಬಂದ ಎಷ್ಟೋ ವಾರಪತ್ರಿಕೆಗಳು ಅವರಿಂದ ಬೈಗುಳ ಕಲಿತವು, ಜಾಹೀರಾತು ಬೇಡ ಅನ್ನುವುದನ್ನು ಕಲಿಯಲಿಲ್ಲ. ಬರೆಯುತ್ತೇವೆ ಎಂದು ಹೆದರಿಸಿ ದುಡ್ಡು ಕೇಳುವವರೂ ಹುಟ್ಟಿಕೊಂಡರು. ಆ ಪಾಪವನ್ನು ಲಂಕೇಶರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಒರಟುತನವೇ ಸತ್ಯ ಅನ್ನುವ ಭ್ರಮೆ ಹುಟ್ಟಲು ಅವರ ಬರಹವೂ ಒಂದಷ್ಟು ಕಾರಣ ಅಂತ ನನಗನಿಸುತ್ತದೆ.

ಇನ್ನು ಮನೆಯ ವಿಷಯ. ನಿಮ್ಮ ಮಗಳ ಪ್ರಶ್ನೆ ಇರುವುದು ಇಲ್ಲಿ.

'ಹುಳಿಮಾವಿನ ಮರ' ಬಂದದ್ದು 1997ರಲ್ಲಿ. ಲಂಕೇಶರಿಗೆ 62 ದಾಟಿತ್ತು. ಮೂರು ವರ್ಷ ಕಳೆಯುವುದರೊಳಗೆ, 2000ದ ಜನವರಿ 25ರಂದು, ಅವರು ತೀರಿಕೊಂಡರು. ದೊಡ್ಡವರ ಆತ್ಮಕಥೆಗಳಲ್ಲಿ ಸಾಮಾನ್ಯವಾಗಿ ಬಡತನ ಇರುತ್ತದೆ, ಗುರುಗಳು ಇರುತ್ತಾರೆ, ಸನ್ಮಾನ ಇರುತ್ತದೆ. ಹೆಂಡತಿ ಅರ್ಪಣೆಯ ಪುಟದಲ್ಲಿ ಇರುತ್ತಾಳೆ. ಈ ಪುಸ್ತಕ ಹಾಗಿಲ್ಲ. ತನ್ನ ಸಿಟ್ಟು, ಕುಡಿತ, ಜೂಜು, ಹೆಂಗಸರ ಜೊತೆಗಿನ ಸಂಬಂಧ, ಯಾವುದನ್ನೂ ಲಂಕೇಶರು ಮುಚ್ಚಿಡಲು ಹೋಗಿಲ್ಲ. ನಿಮ್ಮ ಮಗಳಿಗೆ 'ಮನೇಲಿ ಹೀಗಿದ್ರು' ಅಂತ ಗೊತ್ತಾದದ್ದು ಹೇಗೆ? ಅವರೇ ಬರೆದದ್ದರಿಂದ. ಅದನ್ನು ಓದಿಯೇ ಅವಳು ಅವರನ್ನು ಕಟಕಟೆಗೆ ಕರೆದಿದ್ದಾಳೆ. ಊರವರನ್ನು ತೂಗಿದ ತಕ್ಕಡಿಗೆ ತಾನೂ ಹತ್ತಿ ಕೂತದ್ದು ನನಗೆ ದೊಡ್ಡ ವಿಷಯ ಅನಿಸಿತ್ತು. ಆ ಬೆರಗಿನಲ್ಲೇ ಕಳೆದ ಸಂಚಿಕೆಯ ಲೇಖನ ಬರೆದಿದ್ದೆ.

ನಾನು ತಪ್ಪಿದ್ದು ಅಲ್ಲಿ. ತಪ್ಪು ಮಾಡಿದವನೇ ತನ್ನ ತಪ್ಪನ್ನು ಹೇಳಿಕೊಂಡಾಗ ಏನಾಗುತ್ತದೆ ಅಂದರೆ, ಹೇಳುವ ಧೈರ್ಯಕ್ಕೇ ನಾವು ತಲೆದೂಗಿಬಿಡುತ್ತೇವೆ. ಆ ತಪ್ಪನ್ನು ಅನುಭವಿಸಿದವರು ಪಕ್ಕದ ಕೋಣೆಯಲ್ಲಿ ಇದ್ದಾರೆ ಅನ್ನುವುದು ಮರೆತುಹೋಗುತ್ತದೆ. ನಾನು ಓದಿದೆ ಅಂದೆನಲ್ಲ, ಆ ಇನ್ನೊಂದು ಪುಸ್ತಕ ಬರೆದವರು ಪಕ್ಕದ ಕೋಣೆಯಲ್ಲಿದ್ದವರೇ. ಇಂದಿರಾ ಲಂಕೇಶರ 'ಹುಳಿಮಾವು ಮತ್ತು ನಾನು'. ಗಂಡ ತೀರಿಕೊಂಡು ವರ್ಷಗಳಾದ ಮೇಲೆ ಅವರು ಬರೆದದ್ದು. ಹೆಸರಿನಲ್ಲೇ ನೋಡಿ, ಗಂಡನ ಪುಸ್ತಕವನ್ನು ಹಿಡಿದುಕೊಂಡು ಅದರ ಪಕ್ಕದಲ್ಲಿ 'ನಾನು' ಎಂದು ಇಟ್ಟಿದ್ದಾರೆ.

ಅದರಲ್ಲಿ ಗೋಳಾಟ ಇಲ್ಲ, ಗಂಡನನ್ನು ದೇವರು ಮಾಡುವುದೂ ಇಲ್ಲ. ಹೇಗಿತ್ತೋ ಹಾಗೆ ಹೇಳುತ್ತಾರೆ. ದಾಂಪತ್ಯದಲ್ಲಿ ಪಟ್ಟ ನೋವನ್ನೂ ಹೇಳುತ್ತಾರೆ, ಆ ಮನುಷ್ಯನ ಮೇಲಿದ್ದ ಪ್ರೀತಿಯನ್ನೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವರ ಸೀರೆ ವ್ಯಾಪಾರ. ಇಂದಿರಾ ಅವರು ಸೀರೆ ಅಂಗಡಿ ನಡೆಸಿದವರು. ಮೂರು ಮಕ್ಕಳ ಮನೆ. ಗಂಡ ಇವತ್ತು ಮೇಷ್ಟ್ರು, ನಾಳೆ ಸಿನಿಮಾ, ನಾಡಿದ್ದು ಪತ್ರಿಕೆ. ಸಿನಿಮಾಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತದೆ ಅಂತ ಗ್ಯಾರಂಟಿ ಇಲ್ಲ. ಅಂಥ ಮನೆಯಲ್ಲಿ ಮಕ್ಕಳ ಫೀಸು, ಅಕ್ಕಿ ಬೇಳೆ ನಿಲ್ಲದ ಹಾಗೆ ನೋಡಿಕೊಳ್ಳುವವರು ಒಬ್ಬರು ಬೇಕು. ಲಂಕೇಶರು ಯಾರ ಹಂಗೂ ಇಲ್ಲದೆ ಬರೆದರು ಅಂತ ನಾವೆಲ್ಲ ಹೊಗಳುತ್ತೇವೆ. ಮುಖ್ಯಮಂತ್ರಿಯ ಹಂಗು ಇರಲಿಲ್ಲ ನಿಜ, ಕಂಪನಿಗಳ ಹಂಗು ಇರಲಿಲ್ಲ ನಿಜ. ಹೆಂಡತಿಯ ಹಂಗು ಇತ್ತು. ಅದನ್ನು ನಾನು ಇಷ್ಟು ವರ್ಷ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹಾಗಾಗಿ ನಿಮ್ಮ ಮಗಳಿಗೆ ನನ್ನ ಉತ್ತರ ಇದು. ಗೌರವ ಕೊಡಲೇಬೇಕು ಅಂತ ಇಲ್ಲ. ಅವರ ಬರಹವನ್ನು ಒಪ್ಪಿಕೊಂಡು ಅವರ ನಡತೆಯನ್ನು ಬೇಡ ಅನ್ನಬಹುದು. ಒಂದು ಇನ್ನೊಂದನ್ನು ವಜಾ ಮಾಡುವುದಿಲ್ಲ. ಆದರೆ ಎರಡೂ ಪುಸ್ತಕ ಓದಿ ತೀರ್ಮಾನ ಮಾಡಲಿ. ಒಂದೇ ಪುಸ್ತಕ ಓದಿ ಅಂತ ಹೇಳಿದ್ದು ನನ್ನ ತಪ್ಪು.

ಅವಳಿಗೆ ಇನ್ನೊಂದು ಸಂಗತಿಯನ್ನೂ ಹೇಳಿ. ಇದು ಮನೆಯ ಲೆಕ್ಕಕ್ಕೆ ಪರಿಹಾರ ಅಂತಲ್ಲ, ಸುಮ್ನೆ ಗೊತ್ತಿರಲಿ ಅಂತ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಲಂಕೇಶ್ ಪತ್ರಿಕೆಯಲ್ಲಿ. ಕರಾವಳಿಯ ಮುಸ್ಲಿಂ ಹೆಣ್ಣುಮಗಳೊಬ್ಬಳ ತಲಾಖಿನ ಕತೆಯನ್ನು ಒಬ್ಬ ಮುಸ್ಲಿಂ ಮಹಿಳೆಯೇ ಕನ್ನಡದಲ್ಲಿ ಹೇಳಿದ್ದು ಆಗ ದೊಡ್ಡ ಸುದ್ದಿ. ಹಾಸನದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರ್ಷಗಟ್ಟಲೆ ವರದಿಗಾರ್ತಿಯಾಗಿದ್ದರು. ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು, ಆ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಲಂಕೇಶರು ಪಾಠ ಹೇಳಿಕೊಟ್ಟು ಇವರನ್ನು ಬರಹಗಾರರನ್ನಾಗಿ ಮಾಡಲಿಲ್ಲ. ಅವರು ತಾವಾಗಿಯೇ ಬರಹಗಾರರು. ಬೇರೆ ಸಂಪಾದಕರು ಹಿಂದೆ ಮುಂದೆ ನೋಡುತ್ತಿದ್ದಾಗ ಲಂಕೇಶರು ಪುಟ ಬಿಟ್ಟುಕೊಟ್ಟರು. ಸಂಪಾದಕನ ಕೈಯಲ್ಲಿ ಇರುವುದೇ ಅಷ್ಟು, ಅಲ್ವಾ? ಅದನ್ನು ಅವರು ಮಾಡಿದರು. ತಾಯಿಯ ಮೇಲೆ 'ಅವ್ವ' ಅಂತ ಒಂದು ಕವಿತೆ ಬರೆದಿದ್ದಾರೆ, ಅದನ್ನೂ ಓದಲು ಹೇಳಿ. ಹಾಡಿ ಹೊಗಳದೆ, ಕಣ್ಣೀರು ಹಾಕಿಸದೆ, ಹೊಲದಲ್ಲಿ ದುಡಿಯುವ ಹೆಂಗಸೊಬ್ಬಳನ್ನು ಇದ್ದ ಹಾಗೆ ನಿಲ್ಲಿಸಿದ್ದಾರೆ.

ಅಂಥವರು ಈಗ ಯಾಕಿಲ್ಲ ಅಂತ ನಾನು ಕೊರಗಿದ್ದಕ್ಕೆ ನೀವು ಬೇಸರ ಪಟ್ಟಿದ್ದೀರಿ. ಆ ಸಾಲನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಇಲ್ಲ ಅನ್ನುವುದು ಸರಿಯಲ್ಲ. ಲಂಕೇಶರ ಮಗಳು ಗೌರಿ 2005ರಲ್ಲಿ 'ಗೌರಿ ಲಂಕೇಶ್ ಪತ್ರಿಕೆ' ಶುರು ಮಾಡಿದರು. ಅದೂ ಜಾಹೀರಾತಿಲ್ಲದ ಪತ್ರಿಕೆ. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿನಗರದ ಅವರ ಮನೆ ಬಾಗಿಲಲ್ಲೇ ಗುಂಡು ಹಾರಿಸಿ ಕೊಂದರು. ಅದಕ್ಕೂ ನಲವತ್ತು ವರ್ಷ ಹಿಂದೆ ಸ್ನೇಹಲತಾ ರೆಡ್ಡಿ. 'ಸಂಸ್ಕಾರ'ದಲ್ಲಿ ನಾರಣಪ್ಪನ ಚಂದ್ರಿಯಾಗಿದ್ದವರು. ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಅಸ್ತಮಾ ಇತ್ತು, ಜೈಲಿನಲ್ಲಿ ಉಲ್ಬಣವಾಯಿತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನದಲ್ಲಿ ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕ್. ಧರಣಿ ನೋಡಲು ಅಲ್ಲಿಗೆ ಹೋದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಸಿನಿಮಾದಲ್ಲಿ ಜೋಡಿಯಾಗಿದ್ದ ಇಬ್ಬರಲ್ಲಿ ಒಬ್ಬರು ಪ್ರಾಣ ಕೊಟ್ಟರು, ಇನ್ನೊಬ್ಬರ ಮಗಳು ಪ್ರಾಣ ಕೊಟ್ಟಳು. ನಿಷ್ಠುರದ ಮಾತಿಗೆ ಖರ್ಚು ಕೊಟ್ಟವರು ಯಾರು ಅಂತ ಲೆಕ್ಕ ಹಾಕಲು ಕೂತರೆ ಆ ಪಟ್ಟಿಯಲ್ಲಿ ಹೆಂಗಸರೇ ಜಾಸ್ತಿ ಕಾಣುತ್ತಾರೆ.

ಕೊನೆಯದಾಗಿ ಒಂದು ಮಾತು. ನಿಮ್ಮ ಮಗಳ ಪ್ರಶ್ನೆ ಓದಿದ ಮೇಲೆ ನನ್ನ ಮನೆಯನ್ನೂ ನೋಡಿಕೊಳ್ಳಬೇಕಾಯಿತು. ಈ ಪತ್ರಿಕೆ ಶುರು ಮಾಡಿದಾಗ ನಾವೂ ಬಿಲ್ಡರುಗಳ ಜಾಹೀರಾತು ತೆಗೆದುಕೊಳ್ಳುವುದಿಲ್ಲ ಎಂದು ಮೊದಲ ಸಂಚಿಕೆಯಲ್ಲೇ ಅಚ್ಚು ಹಾಕಿದೆವು. ಅದು ನನ್ನ ತೀರ್ಮಾನ. ಪ್ರತಿ ವರ್ಷ ವಾರ್ಷಿಕ ಸಂಚಿಕೆಯಲ್ಲಿ ಚಂದಾದಾರರಿಗೆ, ಏಜೆಂಟರಿಗೆ, ಪ್ರೆಸ್ಸಿನ ಹುಡುಗರಿಗೆ ಕೃತಜ್ಞತೆ ಹೇಳುತ್ತಾ ಬಂದಿದ್ದೇನೆ. ನನ್ನ ಹೆಂಡತಿ ಹೈಸ್ಕೂಲ್ ಟೀಚರ್. ಪತ್ರಿಕೆಯಿಂದ ಮನೆಗೆ ಒಂದು ರೂಪಾಯಿಯೂ ಬರದಿದ್ದ ಕಾಲದಲ್ಲಿ ಅವಳ ಸಂಬಳದಲ್ಲೇ ಮನೆ ನಡೆಯಿತು. ಮಗನ ಫೀಸು, ನಮ್ಮಮ್ಮನ ಕಣ್ಣಿನ ಆಪರೇಷನ್, ಎಲ್ಲ. ಅವಳ ಹೆಸರು ಒಂದು ವರ್ಷವೂ ಆ ಪಟ್ಟಿಯಲ್ಲಿ ಬಂದಿಲ್ಲ. ಬೇಕಂತ ಬಿಟ್ಟದ್ದಲ್ಲ. ಹೊಳೆಯಲೇ ಇಲ್ಲ.

ಈ ಉತ್ತರವನ್ನು ಪ್ರೆಸ್ಸಿಗೆ ಕಳಿಸುವ ಮುಂಚೆ ಅವಳಿಗೆ ಓದಲು ಕೊಟ್ಟೆ. ಅವಳ ಸಂಬಳದಲ್ಲಿ ಮನೆ ನಡೆದದ್ದು ನಾಲ್ಕು ವರ್ಷ ಅಂತ ಬರೆದಿದ್ದೆ. ಪೂರ್ತಿ ಓದಿದಳು, ಏನೂ ಹೇಳಲಿಲ್ಲ. ಪಕ್ಕದಲ್ಲಿದ್ದ ಕೆಂಪು ಪೆನ್ನು ತಗೊಂಡು 'ನಾಲ್ಕು' ಹೊಡೆದು ಹಾಕಿ, ಮೇಲೆ 'ಏಳು' ಅಂತ ಬರೆದು ಕೊಟ್ಟಳು.